ಆ ತಂಡವನ್ನು ಕೈಬಿಡಬೇಡಿ

ಪ್ರಶ್ನೆ: ನನಗೆ 29 ವರ್ಷ. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕಿನ ಹುಡುಗರನ್ನು ಸೇರಿಸಿ ನಾವು ಗೆಳೆಯರು ಸೆವೆನ್ಸ್ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತೇವೆ. ಒಂದು ತಂಡದಲ್ಲಿ ಬಹುತೇಕ ಮುಸ್ಲಿಂ ಹುಡುಗರು. ಹೋದ ವರ್ಷ ಆ ತಂಡ ಸೆಮಿಫೈನಲ್ ಆಡುವಾಗ ಒಂದಿಷ್ಟು ಜನ ಬಾವುಟ ಹಿಡಿದು ಬಂದು ಸುಣ್ಣದ ಗೆರೆ ದಾಟಿ ಮೈದಾನದ ನಡುವೆ ಕೂತರು. ಘೋಷಣೆ ಕೂಗಿದರು. ಆ ಕಡೆ ನಿಂತಿದ್ದವರೂ ತಿರುಗಿಸಿ ಕೂಗಿದರು. ಪೊಲೀಸರು ಬಂದು ಎಲ್ಲರನ್ನೂ ಚದುರಿಸಿ ಪಂದ್ಯಾವಳಿಯನ್ನೇ ನಿಲ್ಲಿಸಿಬಿಟ್ಟರು. ಈ ಸಲ ಠಾಣೆಗೆ ಹೋದರೆ, ‘ಏನಾದರೂ ಆದರೆ ನಿಮ್ಮ ಮೇಲೇ ಕೇಸು’ ಎನ್ನುತ್ತಾರೆ. ಆ ಒಂದು ತಂಡವನ್ನು ಕೈಬಿಟ್ಟರೆ ಗಲಾಟೆಯೇ ಇರಲ್ಲ ಅಂತ ಗೆಳೆಯರ ಒತ್ತಾಯ. ‘ನಿನಗ್ಯಾಕೆ ಊರ ಉಸಾಬರಿ’ ಅಂತ ಅಪ್ಪ. ಆ ತಂಡದ ಗೋಲ್‌ಕೀಪರ್ ನನ್ನ ಹೈಸ್ಕೂಲ್ ಗೆಳೆಯ. ಎದುರಿಗೆ ಬಂದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೇನೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಊರು, ಠಾಣೆ ಗೊತ್ತಾಗುವ ವಿವರಗಳನ್ನು ತೆಗೆದು ನಿಮ್ಮ ಪತ್ರ ಪ್ರಕಟಿಸಿದ್ದೇನೆ. ಕೇಳಿದ್ದಕ್ಕೆ ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಆ ತಂಡವನ್ನು ಕೈಬಿಡಬೇಡಿ. ಪಂದ್ಯಾವಳಿ ಒಂದು ವರ್ಷ ನಡೆಯದಿದ್ದರೂ ಪರವಾಗಿಲ್ಲ, ಅವರನ್ನು ಹೊರಗಿಟ್ಟು ಮಾತ್ರ ನಡೆಸಬೇಡಿ.

ನೀವು ಹೆದರಿದ್ದು ಸುಮ್ಮನೆ ಅಲ್ಲ. 2025ರ ಏಪ್ರಿಲ್ 27ರಂದು ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ, ಊರ ಹುಡುಗರ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಜಾಗದಲ್ಲಿ, ವಯನಾಡು ಮೂಲದ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಪಾಕಿಸ್ತಾನದ ಪರ ಕೂಗಿದ ಎಂಬ ಆರೋಪ ಅವನ ಮೇಲೆ ಹೊರಿಸಲಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಕರ್ತವ್ಯಲೋಪಕ್ಕಾಗಿ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಆಟದ ಮೈದಾನದಲ್ಲಿ ಹೆಣ ಬೀಳಬಹುದು ಎಂಬುದು ನಮ್ಮ ರಾಜ್ಯದಲ್ಲಿ ಇನ್ನು ಊಹೆಯ ಮಾತಲ್ಲ. ನಿಮ್ಮ ಠಾಣೆಯವರ ಗಡಸು ಮಾತಿನ ಹಿಂದೆಯೂ ಇಂಥದೇ ಭಯ ಇದ್ದೀತು. ಅದನ್ನು ಅರ್ಥ ಮಾಡಿಕೊಂಡು ಮಾತಾಡಿದರೆ ನಿಮ್ಮ ಕೆಲಸ ಸಲೀಸಾಗುತ್ತದೆ.

ಇನ್ನು ನಿಮ್ಮ ಪಕ್ಕದ್ದೇ ಭದ್ರಾವತಿ. 2021ರ ಫೆಬ್ರುವರಿ ಕೊನೆಯಲ್ಲಿ ಅಲ್ಲಿ ಕಬಡ್ಡಿ ಪಂದ್ಯಾವಳಿಯ ಹೊತ್ತಿನಲ್ಲಿ ಘೋಷಣೆಯ ವಿಚಾರಕ್ಕೆ ಎರಡು ಪಕ್ಷದವರು ಕೈಕೈ ಮಿಲಾಯಿಸಿದ್ದು ನಿಮಗೆ ನೆನಪಿರಬಹುದು. ಶಾಸಕ ಬಿ.ಕೆ. ಸಂಗಮೇಶ್ವರ ಅವರ ಮೇಲೂ ಮನೆಯವರ ಮೇಲೂ ಕೇಸಾಯಿತು. ಮಾರ್ಚ್ 4ರಂದು ಅವರು ವಿಧಾನಸಭೆಯಲ್ಲಿ ಅಂಗಿ ಬಿಚ್ಚಿ ಪ್ರತಿಭಟಿಸಿ ಸದನದಿಂದ ಅಮಾನತಾದರು. ತಪ್ಪು ಯಾರದು ಎಂಬ ಲೆಕ್ಕ ನನಗೆ ಬೇಡ. ಕಬಡ್ಡಿ ಆಡಲು ಬಂದ ಹುಡುಗರ ಸುದ್ದಿ ಎಲ್ಲೂ ಉಳಿಯಲಿಲ್ಲ ಎಂಬುದೇ ನನ್ನ ಸಂಕಟ. ಅದಕ್ಕೇ ಹೇಳುತ್ತೇನೆ, ಈ ಸಲ ಯಾವ ಪಕ್ಷದ ಮುಖಂಡರನ್ನೂ ವೇದಿಕೆಗೆ ಕರೆಯಬೇಡಿ, ಯಾರ ಫ್ಲೆಕ್ಸೂ ಕಟ್ಟಬೇಡಿ. ಟ್ರೋಫಿಗೆ ದುಡ್ಡು ಕೊಡುತ್ತೇನೆಂದು ಬಂದವರನ್ನೂ ಕೈಮುಗಿದು ಕಳಿಸಿ. ಬಹುಮಾನ ಚಿಕ್ಕದಾದರೆ ಆಗಲಿ.

ಒಂದು ತಂಡ ಬಿಟ್ಟರೆ ಉಳಿದವರಾದರೂ ಆಡಬಹುದಲ್ಲ ಎಂಬ ಗೆಳೆಯರ ಮಾತು ಕೇಳಲು ಬುದ್ಧಿವಂತಿಕೆಯ ಮಾತಿನಂತೆಯೇ ಇದೆ. ಹೀಗೆ ಒಂದು ತಂಡ ಇಲ್ಲವಾದ ಊರೊಂದರ ಕಥೆ ಕೇಳಿ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕರು ಬೆಂಬಲಿಸುತ್ತಿದ್ದ ಬೆಲ್‌ಫಾಸ್ಟ್ ಸೆಲ್ಟಿಕ್ ಎಂಬ ದೊಡ್ಡ ಕ್ಲಬ್ ಇತ್ತು. 1948ರ ಡಿಸೆಂಬರ್ 27ರಂದು ಪ್ರೊಟೆಸ್ಟೆಂಟರ ಕ್ಲಬ್ ಲಿನ್‌ಫೀಲ್ಡ್ ಎದುರಿನ ಪಂದ್ಯ ಸಮವಾಗಿ ಮುಗಿದ ಕೂಡಲೇ ಜನ ಮೈದಾನಕ್ಕೆ ನುಗ್ಗಿ ಸೆಲ್ಟಿಕ್ ಆಟಗಾರರ ಮೇಲೆ ಬಿದ್ದರು. ಜಿಮ್ಮಿ ಜೋನ್ಸ್ ಎಂಬ ಸೆಂಟರ್ ಫಾರ್ವರ್ಡ್‌ನ ಕಾಲು ಮುರಿಯಿತು. ಜೋನ್ಸ್ ಸ್ವತಃ ಪ್ರೊಟೆಸ್ಟೆಂಟ್. ಯಾವ ಜರ್ಸಿ ಹಾಕಿದ್ದ ಎಂಬುದಷ್ಟೇ ಗುಂಪಿಗೆ ಸಾಕಾಯಿತು. ಪೊಲೀಸರು ಸಮಯಕ್ಕೆ ಒದಗಲಿಲ್ಲ ಎಂಬ ದೂರು ಅಂದಿನಿಂದ ಇಂದಿನವರೆಗೂ ಇದೆ. ಆ ಋತು ಮುಗಿದ ಮೇಲೆ ಸೆಲ್ಟಿಕ್ ಲೀಗ್ ಬಿಟ್ಟಿತು. ಮತ್ತೆ ಬರಲೇ ಇಲ್ಲ.

ಅದರಿಂದ ಊರು ತಣ್ಣಗಾಯಿತೇ? ಇಲ್ಲ. ಅದೇ ನಗರದಲ್ಲಿ ಕ್ಯಾಥೊಲಿಕ್ ಬೆಂಬಲಿಗರೇ ಹೆಚ್ಚಿದ್ದ ಕ್ಲಿಫ್ಟನ್‌ವಿಲ್ ಎಂಬ ಇನ್ನೊಂದು ಕ್ಲಬ್ಬಿನ ಅಂಗಳಕ್ಕೆ ಲಿನ್‌ಫೀಲ್ಡ್ ಬರುವುದನ್ನು ಮುಂದೆ ಪೊಲೀಸರೇ ತಡೆದರು. ಭದ್ರತೆ ಕಷ್ಟ ಎಂಬ ಕಾರಣಕ್ಕೆ ದಶಕಗಟ್ಟಲೆ ಆ ಎರಡು ತಂಡಗಳ ಪಂದ್ಯಗಳು ಬೇರೆಡೆ ನಡೆದವು. ಕ್ಲಿಫ್ಟನ್‌ವಿಲ್ ತನ್ನದೇ ಮೈದಾನದಲ್ಲಿ ಲಿನ್‌ಫೀಲ್ಡ್ ಜೊತೆ ಮತ್ತೆ ಆಡಿದ್ದು 1998ರ ನವೆಂಬರ್‌ನಲ್ಲಿ. ಹಾಗೆ ಶುರುವಾದದ್ದು ಒಂದು ತಲೆಮಾರು ನುಂಗಿತು. ನಿಮ್ಮಲ್ಲೂ ಈ ವರ್ಷ ಒಂದು ತಂಡ ಬಿಟ್ಟರೆ ಬರುವ ವರ್ಷ ಇನ್ನೊಂದು ಕೇರಿಯ ಹೆಸರು ಬರುತ್ತದೆ. ಮೈದಾನದಲ್ಲಿ ಕೂತರೆ ಕೇಳಿದ್ದು ಸಿಗುತ್ತದೆ ಎಂದು ಕಲಿತವರು ಅಷ್ಟಕ್ಕೇ ನಿಲ್ಲುವುದಿಲ್ಲ.

ಕಾನೂನಿನ ವಿಚಾರಕ್ಕೆ ಬರೋಣ. ಹೋದ ವರ್ಷ ಬಂದವರಿಗೆ ಪ್ರತಿಭಟಿಸುವ ಹಕ್ಕು ಇದೆ, ಅದನ್ನು ನೀವೂ ಒಪ್ಪಬೇಕು. ಅನುಮತಿ ಪಡೆದು ಮೈದಾನದ ಹೊರಗೆ, ಆಯುಧವಿಲ್ಲದೆ ನಿಂತು ಅವರ ಮಾತು ಹೇಳಲಿ. ಗೆರೆ ದಾಟಿ ಬಂದು ಆಟ ನಿಲ್ಲಿಸುವ ಹಕ್ಕು ಮಾತ್ರ ಯಾರಿಗೂ ಇಲ್ಲ. ‘ಗಲಾಟೆ ಆಗುತ್ತೆ, ಅದಕ್ಕೇ ಪಂದ್ಯ ಬೇಡ’ ಎನ್ನುವವರಿಗೆ 1989ರ ಎಸ್. ರಂಗರಾಜನ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನು ನೆನಪಿಸಬಹುದು. ಅದು ಒಂದು ತಮಿಳು ಸಿನಿಮಾದ ವಿಚಾರ. ಪ್ರತಿಭಟನೆಯ, ಹಿಂಸೆಯ ಬೆದರಿಕೆ ಇದೆ ಎಂದು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಹತ್ತಿಕ್ಕುವಂತಿಲ್ಲ, ವಿರೋಧಿಸುವ ಗುಂಪನ್ನು ನಿಭಾಯಿಸಲಾರೆ ಎಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಫುಟ್‌ಬಾಲಿಗೂ ಅದೇ ನ್ಯಾಯ ಸಲ್ಲಬೇಕು ಎಂಬುದು ನನ್ನ ನಂಬಿಕೆ. ಬೆದರಿಸಿದವರನ್ನು ತಡೆಯುವುದು ಪೊಲೀಸರ ಕೆಲಸ. ಬೆದರಿಕೆಗೆ ಒಳಗಾದವರನ್ನು ಮನೆಗೆ ಕಳಿಸುವುದು ಸುಲಭದ ದಾರಿ, ಸರಿಯಾದ ದಾರಿಯಲ್ಲ.

‘ನಿಮ್ಮ ಮೇಲೇ ಕೇಸು’ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಆರ್‌ಸಿಬಿ ವಿಜಯೋತ್ಸವದ ಕಾಲ್ತುಳಿತಕ್ಕೆ 11 ಮಂದಿ ಸತ್ತಾಗ ಆಯೋಜಕರ ಮೇಲೂ ಪ್ರಕರಣ ದಾಖಲಾಯಿತು. ಜನರನ್ನು ಸೇರಿಸಿದವರು ಅವರ ಸುರಕ್ಷತೆಗೆ ಹೊಣೆ. ಹೊರಗಿನವರು ಬಂದು ಮಾಡುವ ದಾಂಧಲೆಗೂ ನೀವೇ ಹೊಣೆ ಎಂದು ಇದರ ಅರ್ಥವಲ್ಲ. ನಿಮ್ಮ ಕಡೆಯಿಂದ ಮಾಡಬೇಕಾದದ್ದನ್ನು ಕಾಗದದ ಮೇಲೆ ಮಾಡಿಟ್ಟರೆ ಆ ಹೊಣೆ ಎಲ್ಲಿಗೆ ಮುಗಿಯಿತು ಎಂಬುದೂ ಕಾಗದದಲ್ಲೇ ಇರುತ್ತದೆ.

ಹಾಗಾಗಿ ಬಾಯಿಮಾತಿನಲ್ಲಿ ಕೇಳಿ ಬರುವುದನ್ನು ಬಿಡಿ. ಮೈದಾನ ಕಾಲೇಜಿನದಾದರೆ ಪ್ರಾಂಶುಪಾಲರ ಒಪ್ಪಿಗೆ ಪತ್ರ ಮೊದಲು. ಆಮೇಲೆ ಠಾಣಾಧಿಕಾರಿಗೆ ಅರ್ಜಿ: ದಿನಾಂಕ, ಸಮಯ, ತಂಡಗಳ ಪಟ್ಟಿ, ಎಷ್ಟು ಜನ ಸೇರಬಹುದು, ಮೈಕ್ ಎಷ್ಟು ಗಂಟೆಯವರೆಗೆ, ನಿಮ್ಮ ಸ್ವಯಂಸೇವಕರ ಹೆಸರು ಮತ್ತು ಫೋನ್ ನಂಬರ್. ಹೋದ ವರ್ಷ ಏನಾಯಿತು ಎಂಬುದನ್ನು ಉತ್ಪ್ರೇಕ್ಷೆ ಇಲ್ಲದೆ ನಾಲ್ಕು ಸಾಲಿನಲ್ಲಿ ಬರೆದು ರಕ್ಷಣೆ ಕೋರಿ. ಒಂದು ಪ್ರತಿ ಡಿವೈಎಸ್‌ಪಿಗೆ, ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ನಿಮ್ಮ ಉಪವಿಭಾಗಾಧಿಕಾರಿ ಕಚೇರಿಗೆ. ಪ್ರತಿಯೊಂದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅನುಮತಿ ಇಲ್ಲ ಎನ್ನುವುದಾದರೆ ಕಾರಣ ಬರೆದು ಹಿಂಬರಹ ಕೊಡಿ ಎಂದು ವಿನಯದಿಂದ ಕೇಳಿ. ಬಾಯಲ್ಲಿ ಬೇಡ ಅಂದಷ್ಟು ಸುಲಭವಾಗಿ ಯಾರೂ ಅದನ್ನು ಬರೆದು ಸಹಿ ಹಾಕುವುದಿಲ್ಲ.

ದಿನಾಂಕ ಆರಿಸುವಾಗ ನಿಮ್ಮ ಜಿಲ್ಲೆಯ ಕ್ಯಾಲೆಂಡರ್ ನೋಡಿಕೊಳ್ಳಿ. ದತ್ತ ಜಯಂತಿಯ ಹೊತ್ತಿಗೆ ಬಾಬಾಬುಡನ್‌ಗಿರಿ ಬಂದೋಬಸ್ತ್‌ಗೆ ಪೊಲೀಸರೆಲ್ಲ ಅತ್ತ ಹೋಗಿರುತ್ತಾರೆ. ಗಣಪತಿ ವಿಸರ್ಜನೆ, ಈದ್ ಮಿಲಾದ್ ಮೆರವಣಿಗೆಯ ವಾರಗಳಲ್ಲೂ ಠಾಣೆಗೆ ಕೈ ಬಿಡುವಿರುವುದಿಲ್ಲ. ಆ ದಿನಗಳನ್ನು ಬಿಟ್ಟು, ಬೆಳಕಿರುವಾಗಲೇ ಮುಗಿಯುವಂತೆ ಪಂದ್ಯಗಳನ್ನಿಡಿ. ಹಬ್ಬಕ್ಕೆ ಮುನ್ನ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರಲ್ಲ, ಅಂಥದ್ದೊಂದನ್ನು ಪಂದ್ಯಾವಳಿಗೂ ಕರೆಯುವಂತೆ ಕೇಳಿ. ಹೋದ ವರ್ಷ ಮೈದಾನದಲ್ಲಿ ಕೂತವರ ಹಿರಿಯರೂ ಅಲ್ಲಿಗೆ ಬರಲಿ. ಅವರ ತಕರಾರು ಏನೆಂದು ಠಾಣಾಧಿಕಾರಿಯ ಎದುರು ಬಾಯಿಬಿಟ್ಟು ಹೇಳುವಂತಾಗಲಿ.

ಮೈದಾನದೊಳಗಿನ ನಿಯಮವನ್ನೂ ಮೊದಲೇ ಬರೆದುಕೊಳ್ಳಿ. ಜನಾಂಗೀಯ ನಿಂದನೆ ಕೇಳಿಬಂದಾಗ ಫಿಫಾ ಮೂರು ಹಂತ ಅನುಸರಿಸುತ್ತದೆ. ರೆಫರಿ ಮೊದಲು ಆಟ ನಿಲ್ಲಿಸಿ ಮೈಕಿನಲ್ಲಿ ಎಚ್ಚರಿಸುತ್ತಾರೆ. ಮತ್ತೆ ಆದರೆ ಆಟಗಾರರನ್ನು ಒಳಗೆ ಕಳಿಸುತ್ತಾರೆ. ಮೂರನೆಯ ಸಲಕ್ಕೆ ಪಂದ್ಯ ರದ್ದು. ಇದನ್ನೇ ನೀವೂ ಇಟ್ಟುಕೊಳ್ಳಿ, ಪೊಲೀಸರಿಗೂ ಮೊದಲೇ ತಿಳಿಸಿ. ಹೋದ ವರ್ಷ ಇಂಥ ವ್ಯವಸ್ಥೆ ಇಲ್ಲದ್ದರಿಂದಲೇ ಐದು ನಿಮಿಷ ನಿಲ್ಲಿಸಿ ಮುಂದುವರಿಸಬಹುದಾದ ಪಂದ್ಯಕ್ಕೆ ಇಡೀ ಪಂದ್ಯಾವಳಿ ಬಲಿಯಾಯಿತು. ಧಾರ್ಮಿಕ ಬಾವುಟ, ಘೋಷಣೆ ಯಾವ ಕಡೆಯದ್ದೂ ಬೇಡ. ‘ಅವರು ಶುರು ಮಾಡಿದರು, ನಾವು ಉತ್ತರ ಕೊಟ್ಟೆವು’ ಎನ್ನುವವರಿಗೂ ರಿಯಾಯಿತಿ ಇರಬಾರದು. ತಿರುಗಿಸಿ ಕೂಗಿದವರು ತಮ್ಮದೇ ತಂಡದ ಸೆಮಿಫೈನಲ್ ಕಳೆದರು. ಈ ಮಾತನ್ನು ಅವರಿಗೆ ನಿಮ್ಮ ಗೋಲ್‌ಕೀಪರ್ ಗೆಳೆಯನೇ ಹೇಳಿದರೆ ನಾಟುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅನುಮತಿ ಸಿಗದಿರಬಹುದು, ಅಥವಾ ಆ ದಿನ ಪರಿಸ್ಥಿತಿ ಕೆಡುವ ಲಕ್ಷಣ ಕಾಣಬಹುದು. ಆಗ 112ಕ್ಕೆ ಕರೆ ಮಾಡಿ, ಹುಡುಗರನ್ನು ಸುರಕ್ಷಿತವಾಗಿ ಮನೆ ಮುಟ್ಟಿಸಿ, ಪಂದ್ಯ ಮುಂದೂಡಿ. ಯಾವ ಕಪ್ಪೂ ಒಬ್ಬ ಹುಡುಗನ ಜೀವಕ್ಕಿಂತ ದೊಡ್ಡದಲ್ಲ. ಮುಂದೂಡಿದರೆ ಎಲ್ಲರಿಗೂ ಸೇರಿಸಿ ಮುಂದೂಡಿ.

ಅಪ್ಪನ ಮಾತಿಗೆ ಸಿಟ್ಟಾಗಬೇಡಿ. ಅವರು ಹೆದರಿರುವುದು ನಿಮ್ಮ ಸಲುವಾಗಿ. ಅರ್ಜಿಯ ಪ್ರತಿಗಳನ್ನು ಅವರಿಗೆ ತೋರಿಸಿ, ಶಾಂತಿ ಸಭೆ ನಡೆದರೆ ಜೊತೆಗೆ ಕರೆದುಕೊಂಡು ಹೋಗಿ. ಇನ್ನೆರಡು ವಾರದಲ್ಲೂ ನಿದ್ದೆ ಸರಿಹೋಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಪೊಲೀಸರ ಮಾತಿಗಿಂತ ಹೆಚ್ಚಾಗಿ ಗೆಳೆಯನನ್ನು ತಪ್ಪಿಸಿಕೊಂಡು ಓಡಾಡುತ್ತಿರುವುದೇ ಎಂದು ನಿಮ್ಮ ಪತ್ರ ಓದಿದಾಗ ನನಗನ್ನಿಸಿತು. ಅವನಿಗೆ ಊರಿನ ಮಾತು ಈಗಾಗಲೇ ತಲುಪಿರುತ್ತದೆ. ನಿಮ್ಮ ಬಾಯಿಂದ ಮಾತ್ರ ಇನ್ನೂ ಏನೂ ಕೇಳಿಲ್ಲ. ಅರ್ಜಿ ಬರೆಯುವ ಮುನ್ನವೇ ಅವನ ಮನೆಗೆ ಹೋಗಿ, ಆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ. ಸಾಧ್ಯವಾದರೆ ಠಾಣೆಗೆ ಅರ್ಜಿ ಕೊಡಲು ಇಬ್ಬರೂ ಒಟ್ಟಿಗೆ ಹೋಗಿ.