ಒಲೆ ಮುಂದೆ ನಿಲ್ಲದೆ ಪಾರ್ಟಿ ತಿಂಡಿ

ಕ್ರಿಸ್‌ಮಸ್ ರಜೆ ಶುರುವಾಯಿತೆಂದರೆ ಹೊಸ ವರ್ಷದ ಮೊದಲ ಭಾನುವಾರದವರೆಗೆ ಮನೆಗೆ ಬಂದು ಹೋಗುವವರ ಲೆಕ್ಕ ಸಿಗುವುದಿಲ್ಲ. ಏಳು ಗಂಟೆಗೆ ಬರುತ್ತೇವೆಂದವರು ಆರೂವರೆಗೇ ಬಾಗಿಲು ತಟ್ಟುತ್ತಾರೆ. ಊಟಕ್ಕೆ ಒಂಬತ್ತಾಗುತ್ತದೆ. ನಡುವೆ ಬಾಯಾಡಿಸಲು ಏನಾದರೂ ಬೇಕಲ್ಲ ಎಂದು ಬಜ್ಜಿ, ಬೋಂಡಾಕ್ಕೆ ಕೈ ಹಾಕಿದರೆ ಮುಗಿಯಿತು. ಅವು ಬಿಸಿಯಿದ್ದರಷ್ಟೇ ಚೆನ್ನ, ಹಾಗಾಗಿ ಮನೆಯವರಲ್ಲೊಬ್ಬರು ಸಂಜೆಯಿಡೀ ಎಣ್ಣೆ ಬಾಣಲೆಯ ಮುಂದೆಯೇ. ಹಾಲಿನಲ್ಲಿ ನಗು, ಅಡುಗೆಮನೆಯಲ್ಲಿ ಬೆವರು.

ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಇದಕ್ಕೆ ಹಳೆಯ ಪರಿಹಾರವಿದೆ. ಕ್ರಿಸ್‌ಮಸ್‌ಗೆ ಮೊದಲೇ ಮನೆಮಂದಿಯೆಲ್ಲ ಕೂತು ನೆವ್ರಿ, ಕಿಡಿಯೊ, ಗುಳಿಯೊ ಮಾಡಿ ಡಬ್ಬಿ ತುಂಬಿಸಿಡುತ್ತಾರೆ. ಹಬ್ಬದ ದಿನ ಕುಸ್ವಾರ್ ಎನ್ನುವ ಈ ತಿಂಡಿಗಳ ತಟ್ಟೆ ಸಲೀಸಾಗಿ ಸಿದ್ಧವಾಗುತ್ತದೆ, ಅಕ್ಕಪಕ್ಕದ ಮನೆಗಳಿಗೂ ಹೋಗುತ್ತದೆ. ಕುಸ್ವಾರ್ ಮಾಡುವಷ್ಟು ಪುರುಸೊತ್ತು ಇಲ್ಲದವರು ಆ ಜಾಣ್ಮೆಯನ್ನಾದರೂ ಕಡ ತರಬಹುದು: ಬೇಯಿಸುವುದು, ಹುರಿಯುವುದು ಮೊದಲೇ, ಕಲೆಸುವುದು ಮಾತ್ರ ಕೊನೆಗೆ.

ಇಲ್ಲಿರುವ ತಿಂಡಿಗಳಿಗೆ ನಾಲ್ಕೈದು ಸಾಮಾನು ಸಾಕು. ಉಪ್ಪು, ಎಣ್ಣೆ, ಸಾಸಿವೆ, ಜೀರಿಗೆ, ಅರಿಸಿನ, ಇಂಗು, ಖಾರದ ಪುಡಿ ಎಲ್ಲರ ಮನೆಯಲ್ಲೂ ಇರುವುದರಿಂದ ಲೆಕ್ಕಕ್ಕೆ ಹಿಡಿದಿಲ್ಲ. ಯಾವುದನ್ನೂ ಕರಿಯುವಂತಿಲ್ಲ. ಅಳತೆಯೆಲ್ಲ ಹತ್ತು ಹನ್ನೆರಡು ಮಂದಿಗೆ. ಮುಂದೆ ಊಟವಿದ್ದರೆ ಮೂರು ಬಗೆ ಧಾರಾಳ. ತಿಂಡಿಯೇ ಊಟವಾಗಬೇಕಿದ್ದರೆ ಐದನ್ನೂ ಮಾಡಬಹುದು.

ಮೊದಲು ನೀರಿನ ವಿಷಯ

ಗರಿಗರಿ ತಿಂಡಿಗೆ ಶತ್ರು ಒಂದೇ, ನೀರು. ಹೆಚ್ಚಿದ ಈರುಳ್ಳಿ, ಸೌತೆಕಾಯಿಗೆ ಉಪ್ಪು ಬಿದ್ದರೆ ಒಳಗಿನ ನೀರು ಹೊರಗೆ ಬರುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಬಟ್ಟಲಿನ ತಳದಲ್ಲಿ ಅದು ನಿಂತಿರುತ್ತದೆ. ಮಂಡಕ್ಕಿ, ನಿಪ್ಪಟ್ಟಿನಂಥ ಒಣ ಪದಾರ್ಥಗಳು ಆ ನೀರನ್ನು ಕುಡಿದು ಮೆತ್ತಗಾಗುತ್ತವೆ. ಆದ್ದರಿಂದ ಒಣಗಿದ್ದು ಬೇರೆ, ಹಸಿಯದು ಬೇರೆ ಇರಲಿ. ಉಪ್ಪು, ನಿಂಬೆರಸ ಎಲ್ಲಕ್ಕಿಂತ ಕೊನೆಗೆ. ಹುರಿದದ್ದನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಅದರ ಹಬೆಯೇ ಒಳಗೆ ನೀರಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಬೇಕು.

1. ಕಾಂಗ್ರೆಸ್ ಬೀಜ, ಬೆಣ್ಣೆ ಬನ್

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಗಾಜಿನ ಭರಣಿಯಲ್ಲಿ ಅರಿಸಿನ ಬಣ್ಣದಲ್ಲಿ ಕಾಣುವ ಎರಡು ಹೋಳಾದ ಕಡಲೆಕಾಯಿ ಬೀಜವೇ ಕಾಂಗ್ರೆಸ್. 1969ರಲ್ಲಿ ಕಾಂಗ್ರೆಸ್ ಪಕ್ಷ ಇಬ್ಭಾಗವಾದಾಗ ಈ ಹೆಸರು ಬಂತೆಂದು ಊರಿನವರು ನಗುತ್ತಾ ಹೇಳುವುದುಂಟು. ಅದನ್ನು ಬೆಣ್ಣೆ ಹಚ್ಚಿದ ಬನ್ನಿನೊಳಗೆ ತುಂಬಿ ಕೊಡುವ ಪದ್ಧತಿಯೂ ಬೇಕರಿಗಳದ್ದೇ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ಹೊಸ ಬೆಳೆ ಪೇಟೆಗೆ ಬಂದಿರುತ್ತದೆ. ವರ್ಷಾಂತ್ಯಕ್ಕೆ ಒಳ್ಳೆಯ ಬೀಜ ಹುಡುಕಬೇಕಾಗಿಲ್ಲ.

ಬೇಕಾಗುವುದು: ಕಡಲೆಕಾಯಿ ಬೀಜ ಅರ್ಧ ಕೆ.ಜಿ., ಕರಿಬೇವು ಎರಡು ಹಿಡಿ, ಕಾಳುಮೆಣಸಿನ ಪುಡಿ 1 ಚಮಚ, ಚಿಕ್ಕ ಬನ್ 12, ಬೆಣ್ಣೆ 100 ಗ್ರಾಂ.

* ದಪ್ಪ ತಳದ ಬಾಣಲೆಯಲ್ಲಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಸಿಪ್ಪೆ ಅಲ್ಲಲ್ಲಿ ಬಿರಿದು ಚಟಪಟ ಸದ್ದು ಬಂದರೆ ಆಯಿತು. ಉರಿ ಜೋರಾದರೆ ಹೊರಗೆ ಕಪ್ಪು, ಒಳಗೆ ಹಸಿ.
* ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಉಜ್ಜಿ. ಸಿಪ್ಪೆ ಬಿಡುತ್ತದೆ, ಬೀಜವೂ ಹೋಳಾಗುತ್ತದೆ. ಮೊರದಲ್ಲಿ ಕೇರಿ.
* ಎರಡು ಚಮಚ ಎಣ್ಣೆಯಲ್ಲಿ ಕರಿಬೇವನ್ನು ಗರಿಯಾಗುವವರೆಗೆ ಬಾಡಿಸಿ ಇಂಗು ಹಾಕಿ. ಒಲೆ ಆರಿಸಿದ ಮೇಲೆ ಅರಿಸಿನ, 2 ಚಮಚ ಖಾರದ ಪುಡಿ, ಕಾಳುಮೆಣಸಿನ ಪುಡಿ ಸೇರಿಸಿ. ಪುಡಿಗಳು ಉರಿಯ ಮೇಲೆ ಬಿದ್ದರೆ ಸೀದು ಕಹಿಯಾಗುತ್ತವೆ.
* ಬೀಜ ಮತ್ತು ನುಣ್ಣಗಿನ ಪುಡಿ ಉಪ್ಪು ಹಾಕಿ ಕಲೆಸಿ. ಕಲ್ಲುಪ್ಪು ಬೀಜಕ್ಕೆ ಅಂಟದೆ ತಳಕ್ಕಿಳಿಯುತ್ತದೆ.
* ಬಡಿಸುವ ಮುನ್ನ ಬನ್ನನ್ನು ಅಡ್ಡಕ್ಕೆ ಸೀಳಿ, ಒಳಗಿನ ಎರಡೂ ಬದಿಗೆ ಮೆತ್ತನೆಯ ಬೆಣ್ಣೆ ಸವರಿ, ಒಂದು ದೊಡ್ಡ ಚಮಚ ಬೀಜ ತುಂಬಿ.

ಬೆಣ್ಣೆ ಇಲ್ಲಿ ಎರಡು ಕೆಲಸ ಮಾಡುತ್ತದೆ: ಬೀಜ ಉದುರದಂತೆ ಹಿಡಿಯುತ್ತದೆ, ಬನ್ನಿನ ತೇವ ಬೀಜಕ್ಕೆ ತಾಗದಂತೆ ತಡೆಯುತ್ತದೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆ ಬನ್ನನ್ನು ಹರಿದುಹಾಕುತ್ತದೆ, ಅರ್ಧ ತಾಸು ಮೊದಲೇ ಹೊರಗಿಡಬೇಕು.

2. ಸೌತೆಬಿಲ್ಲೆ ಮೇಲೆ ಕೋಸಂಬರಿ

ರಾಮನವಮಿಯ ಕೋಸಂಬರಿಯನ್ನು ದೊನ್ನೆಯಿಂದ ತಟ್ಟೆಗೆ ತರುವ ಉಪಾಯವಿದು. ಚಮಚ ಬೇಡ, ಒಂದೇ ತುತ್ತು.

ಬೇಕಾಗುವುದು: ಹೆಸರುಬೇಳೆ ಅರ್ಧ ಲೋಟ, ಸೌತೆಕಾಯಿ 4, ತೆಂಗಿನತುರಿ ಅರ್ಧ ಲೋಟ, ಹಸಿಮೆಣಸು 3, ನಿಂಬೆಹಣ್ಣು 1.

* ಬೇಳೆ ತೊಳೆದು ಒಂದೆರಡು ತಾಸು ನೆನೆಸಿ. ಉಗುರಿನಿಂದ ಒತ್ತಿದರೆ ತುಂಡಾಗಬೇಕು. ಜರಡಿಗೆ ಸುರಿದು, ಒಣಬಟ್ಟೆಯ ಮೇಲೆ ಹರಡಿ.
* ಸೌತೆಕಾಯಿಯನ್ನು ಅರ್ಧ ಇಂಚು ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಚಿಕ್ಕ ಚಮಚದಿಂದ ನಡುವಿನ ಬೀಜದ ಭಾಗವನ್ನು ತುಸು ಕೆದಕಿ ಗುಳಿ ಮಾಡಿ, ತಳ ತೂತಾಗಬಾರದು.
* ಬೇಳೆ, ತೆಂಗಿನತುರಿ, ಸಣ್ಣಗೆ ಹೆಚ್ಚಿದ ಹಸಿಮೆಣಸು ಕಲೆಸಿ, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟು ಆರಲು ಬಿಡಿ.
* ತಟ್ಟೆ ಹಾಲಿಗೆ ಹೋಗುವ ಮುನ್ನ ಉಪ್ಪು, ನಿಂಬೆರಸ ಬೆರೆಸಿ ಗುಳಿಗಳಿಗೆ ತುಂಬಿ.

3. ಗಿರ್ಮಿಟ್

ಹುಬ್ಬಳ್ಳಿ, ಧಾರವಾಡದಲ್ಲಿ ಸಂಜೆಯಾದರೆ ಗಿರ್ಮಿಟ್, ಜೊತೆಗೆ ಮಿರ್ಚಿ. ಬೇರೆ ಕಡೆಯ ಚುರುಮುರಿಯಲ್ಲಿ ಹಸಿ ತರಕಾರಿ ಕಲೆಸಿದರೆ, ಇಲ್ಲಿ ಬೇಯಿಸಿದ ಈರುಳ್ಳಿ, ಹುಣಸೆಯ ಗೊಜ್ಜೇ ಜೀವ. ಗೊಜ್ಜು ಬೆಳಿಗ್ಗೆಯೇ ಮಾಡಿಟ್ಟರೂ ಕೆಡದು, ಹಾಗಾಗಿ ಪಾರ್ಟಿಗೆ ಹೇಳಿ ಮಾಡಿಸಿದಂತಿದೆ. ಸಾಮಾನು ಮಾತ್ರ ಒಂದು ಹೆಚ್ಚು.

ಬೇಕಾಗುವುದು: ಚುರುಮುರಿ (ಮಂಡಕ್ಕಿ) 10 ಲೋಟ, ಈರುಳ್ಳಿ 5, ಹಸಿಮೆಣಸು 6, ನಿಂಬೆ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ಪುಟಾಣಿ (ಹುರಿಗಡಲೆ) ಅರ್ಧ ಲೋಟ.

* ಚುರುಮುರಿಯನ್ನು ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಬೆಚ್ಚಗೆ ಮಾಡಿ. ಬೆರಳ ನಡುವೆ ಒತ್ತಿದರೆ ಪುಡಿಯಾಗಬೇಕು. ಆರಿಸಿ ಡಬ್ಬಿಗೆ ಹಾಕಿ.
* ಪುಟಾಣಿಯನ್ನು ನುಣ್ಣಗೆ ಪುಡಿ ಮಾಡಿಟ್ಟುಕೊಳ್ಳಿ.
* ಕಾಲು ಲೋಟ ಎಣ್ಣೆಗೆ ಸಾಸಿವೆ, ಜೀರಿಗೆ ಸಿಡಿಸಿ, ಜಜ್ಜಿದ ಹಸಿಮೆಣಸು, ಸಣ್ಣಗೆ ಹೆಚ್ಚಿದ ನಾಲ್ಕು ಈರುಳ್ಳಿ, ಅರಿಸಿನ ಹಾಕಿ ಬಾಡಿಸಿ. ಹುಣಸೆರಸ, ಬೆಲ್ಲ, ಉಪ್ಪು ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಿ. ಅಂಚಿನಲ್ಲಿ ಎಣ್ಣೆ ಕಾಣಿಸಿದಾಗ ಇಳಿಸಿ.
* ಬಡಿಸುವಾಗ ಅಗಲ ಪಾತ್ರೆಯಲ್ಲಿ ಚುರುಮುರಿಗೆ ತಣ್ಣಗಿನ ಗೊಜ್ಜು ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ ಕೈಯಿಂದ ಹಗುರಾಗಿ ಕಲೆಸಿ. ಉಳಿದ ಹಸಿ ಈರುಳ್ಳಿ ಮೇಲಕ್ಕೆ.

ಪುಟಾಣಿ ಪುಡಿ ರುಚಿಗಷ್ಟೇ ಅಲ್ಲ. ಗೊಜ್ಜಿನ ಹೆಚ್ಚುವರಿ ತೇವವನ್ನು ಅದು ಎಳೆದುಕೊಳ್ಳುತ್ತದೆ. ಆದರೂ ಕಲೆಸಿದ ಗಿರ್ಮಿಟ್ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ. ಒಮ್ಮೆಲೇ ಎಲ್ಲವನ್ನೂ ಕಲೆಸದೆ, ನಾಲ್ಕು ಮಂದಿಗಾಗುವಷ್ಟನ್ನೇ ಕಲೆಸುತ್ತ ಹೋಗುವುದು ಲೇಸು.

4. ನಿಪ್ಪಟ್ಟು ಮಸಾಲ

ಐದರಲ್ಲಿ ಅತಿ ಸುಲಭದ್ದು. ಬೆಂಗಳೂರಿನ ಚಾಟ್ ಗಾಡಿಗಳಲ್ಲಿ ಇದಕ್ಕೆ ಖಾಯಂ ಜಾಗ.

ಬೇಕಾಗುವುದು: ಚಿಕ್ಕ ನಿಪ್ಪಟ್ಟು 36, ಈರುಳ್ಳಿ 3, ಕ್ಯಾರೆಟ್ 3, ಕೊತ್ತಂಬರಿ ಸೊಪ್ಪು ಅರ್ಧ ಕಟ್ಟು, ನಿಂಬೆಹಣ್ಣು 1.

* ಈರುಳ್ಳಿ ಸಣ್ಣಗೆ ಹೆಚ್ಚಿ, ಕ್ಯಾರೆಟ್ ತುರಿದು, ಬೇರೆ ಬೇರೆ ಬಟ್ಟಲಲ್ಲಿ ಮುಚ್ಚಿಡಿ.
* ನಿಪ್ಪಟ್ಟನ್ನು ದೊಡ್ಡ ತಟ್ಟೆಯಲ್ಲಿ ಜೋಡಿಸಿ. ಮೇಲೆ ಈರುಳ್ಳಿ, ಕ್ಯಾರೆಟ್, ಕೊತ್ತಂಬರಿ. ಚಿಟಿಕೆ ಖಾರದ ಪುಡಿ, ಉಪ್ಪು. ಎರಡು ಹನಿ ನಿಂಬೆರಸ.

ಅಂಗಡಿಯ ನಿಪ್ಪಟ್ಟಿನಲ್ಲಿ ಉಪ್ಪು, ಖಾರ ಮೊದಲೇ ಇರುತ್ತದೆ. ಒಂದನ್ನು ತಿಂದು ನೋಡಿ ಆಮೇಲೆ ಕೈ ಬಿಗಿ ಹಿಡಿಯಬೇಕೋ ಬೇಡವೋ ತೀರ್ಮಾನಿಸುವುದು ಒಳಿತು.

5. ಅವರೆಕಾಳು ಉಸಲಿ

ಡಿಸೆಂಬರ್, ಜನವರಿ ಎಂದರೆ ಹಳೇ ಮೈಸೂರು ಸೀಮೆಯಲ್ಲಿ ಅವರೆಯ ಸುಗ್ಗಿ. ಬೆಂಗಳೂರಿನ ಅವರೆಬೇಳೆ ಮೇಳವೂ ಈ ಕಾಲದ್ದೇ. ಸಿಪ್ಪೆ ಹಿಸುಕಿ ಬೇಳೆ ತೆಗೆಯುವ ಕೆಲಸ ಪಾರ್ಟಿಯ ದಿನಕ್ಕಲ್ಲ; ಸುಲಿದ ಕಾಳನ್ನೇ ಕೊಂಡು ಉಸಲಿ ಮಾಡಿದರೆ ಸೊಗಡಿಗೆ ಕೊರತೆಯಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಭಾರತೀಯ ಅಂಗಡಿಗಳಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಎಂಬ ಫ್ರೋಜನ್ ಪೊಟ್ಟಣ ಹುಡುಕಿದರೆ ಸಾಕು, ಅದೂ ಅವರೆಯೇ.

ಬೇಕಾಗುವುದು: ಸುಲಿದ ಅವರೆಕಾಳು ಮುಕ್ಕಾಲು ಕೆ.ಜಿ., ತೆಂಗಿನತುರಿ ಮುಕ್ಕಾಲು ಲೋಟ, ಹಸಿಮೆಣಸು 5, ಕರಿಬೇವು, ನಿಂಬೆಹಣ್ಣು 1.

* ಕುದಿಯುವ ನೀರಿಗೆ ಕಾಳು, ಉಪ್ಪು ಹಾಕಿ ಪೂರ್ತಿ ಬೇಯಿಸಿ. ಹಿಸುಕಿದರೆ ಮೆತ್ತಗಿರಬೇಕು, ಆದರೆ ಆಕಾರ ಕೆಡಬಾರದು. ಅರೆಬೆಂದ ಅವರೆ ಹೊಟ್ಟೆಗೆ ಆಗದು.
* ಬಸಿದ ಕಟ್ಟನ್ನು ಚೆಲ್ಲದೆ ಸಾರಿಗೆ ಎತ್ತಿಡಿ.
* ಸಾಸಿವೆ, ಇಂಗು, ಹಸಿಮೆಣಸು, ಕರಿಬೇವಿನ ಒಗ್ಗರಣೆಗೆ ಕಾಳು ಹಾಕಿ, ತೇವ ಆರುವವರೆಗೆ ಬಾಡಿಸಿ. ತೆಂಗಿನತುರಿ, ನಿಂಬೆರಸ ಬೆರೆಸಿ ಪುಟ್ಟ ಬಟ್ಟಲುಗಳಲ್ಲಿ ಕೊಡಿ.

ಯಾವಾಗ ಏನು?

ಹಿಂದಿನ ರಾತ್ರಿ: ಕಾಂಗ್ರೆಸ್ ಬೀಜ ಹುರಿದು ಡಬ್ಬಿಗೆ, ಪುಟಾಣಿ ಪುಡಿ.

ಅಂದು ಬೆಳಿಗ್ಗೆ: ಗಿರ್ಮಿಟ್ ಗೊಜ್ಜು, ಚುರುಮುರಿ ಬೆಚ್ಚಗೆ ಮಾಡುವುದು.

ಸಂಜೆ ನಾಲ್ಕಕ್ಕೆ: ಹೆಸರುಬೇಳೆ ನೆನೆಹಾಕುವುದು, ಅವರೆಕಾಳು ಬೇಯಿಸುವುದು.

ಆರಕ್ಕೆ: ತರಕಾರಿ ಹೆಚ್ಚುವುದು, ಬೆಣ್ಣೆ ಹೊರಗಿಡುವುದು, ಉಸಲಿಗೆ ಒಗ್ಗರಣೆ.

ನೆಂಟರು ಕೂತ ಮೇಲೆ: ನಿಪ್ಪಟ್ಟು ಜೋಡಿಸುವುದು, ಬನ್ ತುಂಬುವುದು, ಗಿರ್ಮಿಟ್ ಕಲೆಸುವುದು. ಈ ಕೆಲಸಗಳನ್ನು ಮಕ್ಕಳಿಗೂ, ಬಂದ ಗೆಳೆಯರಿಗೂ ಹಂಚಬಹುದು. ಯಾವುದಕ್ಕೂ ಒಲೆ ಬೇಡ.

ಮರೆಯಬಾರದ್ದು

ಕಡಲೆಕಾಯಿ ಕೆಲವರಿಗೆ ಅಲರ್ಜಿ, ಅಪಾಯದ ಮಟ್ಟಿಗೂ ಹೋಗಬಹುದು. ಹೊಸಬರು ಬರುವವರಿದ್ದರೆ ಮೊದಲೇ ಕೇಳಿಕೊಂಡು, ಆ ತಟ್ಟೆಯನ್ನೂ ಚಮಚವನ್ನೂ ಬೇರೆಯಿಡಬೇಕು. ಅಂಗಡಿ ನಿಪ್ಪಟ್ಟಿನಲ್ಲೂ ಕಡಲೆಕಾಯಿ ಇರುತ್ತದೆಂಬುದು ನೆನಪಿರಲಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಬೀಜ ಸಿಗದಂತೆ ನೋಡಿಕೊಳ್ಳಬೇಕು, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ತೆಂಗಿನತುರಿ ಬಿದ್ದ ಕೋಸಂಬರಿ, ಉಸಲಿ ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಬಾರದು.

ಸಾಮಾನು ಕಡಿಮೆಯಾದಷ್ಟೂ ಒಂದೊಂದರ ಗುಣ ಎದ್ದು ಕಾಣುತ್ತದೆ. ಬೀಜ ಕಮಟಾಗಿದ್ದರೆ ಯಾವ ಮಸಾಲೆಯೂ ಅದನ್ನು ಮುಚ್ಚಲಾರದು. ಕೊಳ್ಳುವಾಗಲೇ ಒಂದೆರಡನ್ನು ಬಾಯಿಗೆ ಹಾಕಿ ನೋಡಬೇಕು. ಸೌತೆಕಾಯಿಯ ತುದಿ ಕೊಯ್ದು ಕಹಿಯಿದೆಯೇ ನೋಡಿಯೇ ಬಿಲ್ಲೆ ಮಾಡಬೇಕು.

ಉಳಿದರೆ? ಉಸಲಿಯನ್ನು ಫ್ರಿಜ್‌ನಲ್ಲಿಟ್ಟರೆ ಮರುದಿನದ ಉಪ್ಪಿಟ್ಟಿಗೆ ಸೇರಿಸಬಹುದು, ಎತ್ತಿಟ್ಟ ಕಟ್ಟಿನಿಂದ ಸಾರಾಗುತ್ತದೆ. ಗಿರ್ಮಿಟ್ ಗೊಜ್ಜು ಬಿಸಿ ಅನ್ನಕ್ಕೂ ಹೊಂದುತ್ತದೆ, ನೆನೆಸಿದ ಅವಲಕ್ಕಿಗೆ ಕಲೆಸಿದರೆ ಬೆಳಗಿನ ತಿಂಡಿಯೂ ಮುಗಿಯಿತು. ಕಾಂಗ್ರೆಸ್ ಬೀಜ ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ವಾರ ಗರಿಯಾಗಿಯೇ ಇರುತ್ತದೆ, ತೆಗೆಯುವ ಚಮಚ ಒಣಗಿರಬೇಕಷ್ಟೇ.