ಅಜ್ಜಿ ಯಾಕೆ ಹೊರಗೆ ಬರಲಿಲ್ಲ?

ನಾವು ಬನಶಂಕರಿಯ ಒಂದು ಬೀದಿಯ ಹೆಂಗಸರು. ಸಂಜೆ ಒಟ್ಟಿಗೆ ಕೂತು ಓದು ಬರಹ ಕಲಿತವರು.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ದಿನಾ ಬಸ್ ಹತ್ತಿ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಹೂವು ಮಾರುತ್ತಿದ್ದರು. ಒಂದು ವಾರ ಅವರು ಹೊರಗೇ ಬರಲಿಲ್ಲ.

“ಯಾಕಜ್ಜಿ, ಹುಷಾರಿಲ್ವಾ?” ಎಂದು ಕೇಳಿದೆವು.

“ಕೈಕಾಲು ಗಟ್ಟಿ ಐತೆ ಕಣ್ರಮ್ಮಾ. ದಾರೀನೇ ಸರಿ ಇಲ್ಲ. ಮೊನ್ನೆ ಕಲ್ಲು ಎಡವಿ ಬಿದ್ದೆ. ಇನ್ನೊಂದು ಸಲ ಬಿದ್ದು ಸೊಂಟ ಮುರಿದರೆ ನನ್ನ ನೋಡೋರು ಯಾರು?” ಎಂದರು.

ನಮಗೆ ಮಾತೇ ಹೊರಡಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಪುಕ್ಕಟೆ. 2017ರಲ್ಲಿ ಬನಶಂಕರಿ, ಜಯನಗರಕ್ಕೆ ಮೆಟ್ರೋ ಬಂತು. ಅಲ್ಲಿ ಲಿಫ್ಟ್ ಕೂಡ ಇದೆ. ಆದರೆ ಮನೆಯಿಂದ ನಿಲ್ದಾಣದವರೆಗೆ ನಡೆಯೋದು ಹೇಗೆ?

ಮರುದಿನ ಅಜ್ಜಿಯ ಕೈ ಹಿಡಿದು ಆ ದಾರಿಯಲ್ಲಿ ನಡೆದೆವು. ಒಂದು ಕಡೆ ಚಪ್ಪಡಿ ಎದ್ದಿತ್ತು. ಒಂದು ಕಡೆ ಮೋರಿ ಬಾಯಿ ತೆರೆದಿತ್ತು. ಫುಟ್‌ಪಾತ್ ತುಂಬ ಸ್ಕೂಟರ್. ಅದರಲ್ಲಿ ನಮ್ಮ ಮಕ್ಕಳ ಸ್ಕೂಟರೂ ಇತ್ತು! ದಣಿದರೆ ಕೂರಲು ಒಂದು ಬೆಂಚೂ ಇರಲಿಲ್ಲ.

ಮೊದಲು ನಮ್ಮ ಮಕ್ಕಳಿಗೆ ಹೇಳಿ ಸ್ಕೂಟರ್ ತೆಗೆಸಿದೆವು. ಅಂಗಡಿಯವರು ಬಾಗಿಲಲ್ಲಿ ಒಂದು ಸ್ಟೂಲ್ ಇಟ್ಟರು. ಆಮೇಲೆ ಪಾಲಿಕೆಯ ಕಚೇರಿಗೆ ಅರ್ಜಿ ಬರೆದೆವು. ಯಾವ ಬೀದಿ, ಯಾವ ಮನೆಯ ಎದುರು, ಎಷ್ಟು ಚಪ್ಪಡಿ ಎಂದು ವಿವರ ಕೊಟ್ಟೆವು. ಕೆಳಗೆ ನಾವೆಲ್ಲ ಸಹಿ ಹಾಕಿದೆವು. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಅರ್ಜಿಯ ನಕಲಿಗೆ ಮೊಹರು ಹಾಕಿಸಿಕೊಂಡೆವು. ಮೂರು ಸಲ ಹೋಗಿ ಕೇಳಿದೆವು.

ಮೋರಿಗೆ ಚಪ್ಪಡಿ ಬಂತು. ಬೆಂಚು ಇನ್ನೂ ಬಂದಿಲ್ಲ. ನಾವು ಕೇಳೋದು ಬಿಟ್ಟಿಲ್ಲ. ಅಜ್ಜಿ ಈಗ ಮತ್ತೆ ಹೂವು ಮಾರಲು ಹೋಗುತ್ತಾರೆ. ಅವರ ಖರ್ಚಿಗೆ ಅವರದೇ ದುಡ್ಡು.

ಹಿರಿಯರಿಗೆ ಒಗ್ಗುವ ಊರು ಹೇಗಿರಬೇಕು? ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದರ ಬಗ್ಗೆಯೇ ಒಂದು ಪುಸ್ತಕ ತಂದಿತು. ಸಮನಾದ ಫುಟ್‌ಪಾತ್, ಕೂರಲು ಜಾಗ, ಚೊಕ್ಕಟವಾದ ಶೌಚಾಲಯ ಬೇಕು ಎಂದು ಅದರಲ್ಲಿದೆ. ನಮ್ಮ ಅಜ್ಜಿ ಕೇಳಿದ್ದೂ ಇಂಥದ್ದನ್ನೇ. ಬಸುರಿಗೂ, ಕಂಕುಳಲ್ಲಿ ಕೂಸು ಇರುವವಳಿಗೂ ಇದೇ ಬೇಕು.

ಹಿರಿಯರಿಗೆ ಏನೇ ಕಷ್ಟ ಬಂದರೂ 14567ಕ್ಕೆ ಫೋನ್ ಮಾಡಬಹುದು. ಇದಕ್ಕೆ ಕಾಸು ಬೇಡ.

ಇಂದು ಅವರು ಅಜ್ಜಿ. ನಾಳೆ ನಾವು.

ಯೋಚಿಸಿ, ಹೇಳಿ:
1. ನಿಮ್ಮ ಬೀದಿಯಲ್ಲಿ ಹೊರಗೆ ಬರದ ಹಿರಿಯರು ಯಾರಿದ್ದಾರೆ? ಯಾಕೆ ಬರುತ್ತಿಲ್ಲ?
2. ಅವರಿಗಾಗಿ ನಾಲ್ಕು ಸಾಲಿನ ಅರ್ಜಿ ಬರೆಯಿರಿ. ಸಹಿ ಹಾಕಿ.