ಅಣುಜೀವಿಯ ಮುಪ್ಪು

ದೇಹಧಾರಿಗಳಿಗೆ ಮುಪ್ಪೂ ಮರಣವೂ ಸಹಜವಾದುವು. ಇದನ್ನು ಅರಿತೂ ಮನುಷ್ಯನು ಮುಪ್ಪನ್ನು ಶಿಕ್ಷೆಯೆಂದು, ಮರಣವನ್ನು ಸೋಲೆಂದು ಬಗೆದು ಅಂಜುತ್ತಾನೆ. ಕಣ್ಣಿಗೆ ಕಾಣದ ಅಣುಜೀವಿಗಳ ಬಾಳನ್ನು ನೋಡಿದರೆ ಈ ಎಣಿಕೆ ತಿದ್ದುಪಡುವುದು.

ಒಂದೇ ಕೋಶದ ಜೀವಿಯು ಇಬ್ಭಾಗವಾಗಿ ಹೆಚ್ಚುತ್ತ ಹೋಗುವುದರಿಂದ ಅದಕ್ಕೆ ಸಹಜಮರಣವೇ ಇಲ್ಲವೆಂದು ಜರ್ಮನಿಯ ವೈಸ್‌ಮನ್ ಎಂಬ ವಿದ್ವಾಂಸನು 1881ರಲ್ಲಿ ಪ್ರತಿಪಾದಿಸಿದ್ದನು. ಆದರೆ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನಲ್ಲಿ ಬೇರೆಯೇ ಸಂಗತಿ ಕಂಡುಬಂದಿತು. ಯೀಸ್ಟಿನ ಮೈಮೇಲೆ ಮೊಗ್ಗು ಮೂಡಿ, ಅದೇ ಮಗಳಾಗಿ ಬೇರ್ಪಡುತ್ತದೆ. ಬೇರ್ಪಟ್ಟ ಎಡೆಯಲ್ಲಿ ತಾಯಿಗೆ ಒಂದು ಕಲೆ ಉಳಿಯುತ್ತದೆ. ಮಾರ್ಟಿಮರ್ ಮತ್ತು ಜಾನ್‌ಸ್ಟನ್ ಎಂಬ ವಿಜ್ಞಾನಿಗಳು ಒಂದೊಂದು ತಾಯಿಯ ಮೊಗ್ಗುಗಳನ್ನೂ ಎಣಿಸಿ, ಅದಕ್ಕೆ ಮಿತಿಯುಂಟೆಂದು 1959ರಲ್ಲಿ ತೋರಿಸಿದರು. ಸಾಮಾನ್ಯವಾಗಿ 20ರಿಂದ 30 ಸಲ ಮೊಗ್ಗೊಡೆದ ಮೇಲೆ ತಾಯಿಯು ಮುಪ್ಪಿಗೆ ಸಂದು ಸಾಯುತ್ತದೆ. ವಿಶೇಷವೇನೆಂದರೆ, ಬಾಳಿನಲ್ಲಿ ಕೂಡಿಬಂದ ಕೆಟ್ಟ ಪ್ರೋಟೀನು ಮೊದಲಾದ ಕಶ್ಮಲದ ಬಹುಭಾಗವು ತಾಯಿಯಲ್ಲಿಯೇ ಉಳಿಯುತ್ತದೆ. ಆದುದರಿಂದ, ಕಡುಮುಪ್ಪಿನಲ್ಲಿ ಹುಟ್ಟಿದುದನ್ನು ಬಿಟ್ಟರೆ, ಮಗಳು ಪೂರ್ಣ ಆಯುಷ್ಯದೊಡನೆ ಬಾಳನ್ನು ತೊಡಗುತ್ತದೆ.

ಮಣ್ಣಿನಲ್ಲಿರುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯದ ನಡೆ ಇನ್ನೂ ವಿಚಿತ್ರವಾದುದು. ಆಹಾರ ತೀರಿದಾಗ ಅದು ಹಿರಿದೊಂದು, ಕಿರಿದೊಂದು ಭಾಗವಾಗುತ್ತದೆ. ಹಿರಿದು ಕಿರಿದನ್ನು ಒಡಲೊಳಗಿಟ್ಟು ಪೋಷಿಸಿ, ಗಟ್ಟಿ ಕವಚವನ್ನು ತೊಡಿಸಿ, ಕಡೆಗೆ ತಾನೇ ಒಡೆದು ಅದನ್ನು ಹೊರಗೆ ಬಿಡುತ್ತದೆ. ಆ ಬೀಜಾಣುವು ಬರವನ್ನು ಕಳೆದು ಮತ್ತೆ ಮೊಳೆಯುತ್ತದೆ.

ಇಲ್ಲಿ ಮರಣವು ಸೋಲಲ್ಲ. ಮುಂದಿನ ಪೀಳಿಗೆಗೆ ಸಂದ ಸವೆತ. ಶರಣರು ಬೋಧಿಸಿದ ದಾಸೋಹದ ತಿರುಳೂ ಸವೆಸುವುದೇ ಅಲ್ಲವೆ? ಆದರೆ ಅಣುಜೀವಿಗೆ ಅರಿವಿಲ್ಲ. ಅದು ಪ್ರಕೃತಿಯ ಕಟ್ಟಳೆಯಂತೆ ನಡೆಯುತ್ತದೆ. ಮನುಷ್ಯನಿಗಾದರೋ ಅರಿವುಂಟು. ಅರಿವಿದ್ದೂ ಎಂಬತ್ತರ ವಯಸ್ಸಿನಲ್ಲಿ ಮನೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚದ ಹಿರಿಯರುಂಟು. ಹಳೆಯ ಹಗೆಯನ್ನು ಆಸ್ತಿಯೊಡನೆ ಮಕ್ಕಳಿಗೆ ಹಂಚುವವರುಂಟು. ಯೀಸ್ಟು ಕಶ್ಮಲವನ್ನು ತನ್ನಲ್ಲಿರಿಸಿಕೊಂಡು ಬಾಳನ್ನು ಕೊಡುತ್ತದೆ. ಇವರು ಬಾಳನ್ನು ತಮ್ಮಲ್ಲಿರಿಸಿಕೊಂಡು ಕಶ್ಮಲವನ್ನು ಕೊಡುತ್ತಾರೆ.

ಹಾಗೆಂದು ಮರಣವನ್ನು ಕರೆಯಬೇಕೆಂದಲ್ಲ. ಇಷ್ಟಲಿಂಗಕ್ಕೆ ನೆಲೆಯಾದ ಈ ಕಾಯವನ್ನು ಕಡೆಯವರೆಗೂ ಕಾಪಾಡತಕ್ಕದ್ದು. ಮಕ್ಕಳೂ ಸವೆದ ಹಿರಿಯರನ್ನು ಕಡೆಗಣಿಸಬಾರದು. ಅವರ ಸೇವೆಯೂ ಕಾಯಕವೇ. ಕೊಡತಕ್ಕುದನ್ನು ಕೊಟ್ಟು, ಬಿಡತಕ್ಕುದನ್ನು ಬಿಟ್ಟು, ಲಿಂಗದಲ್ಲಿ ಮನವಿರಿಸಿದವನಿಗೆ ಮುಪ್ಪು ಭಾರವಾಗದು, ಲಿಂಗೈಕ್ಯವು ಭಯವಾಗದು.